ಮಾಮೂಲೆಂಬ ಶೋಧನೆ

ಕಳ್ಳತನಕ್ಕೆ ಕಳ್ಳತನವೆಂಬ ಹೆಸರೊಂದೇ ಇದ್ದಿದ್ದರೆ ಸಭ್ಯರಾದ ಗೃಹಸ್ಥರಲ್ಲಿ ಅದಕ್ಕೆ ಕೈಹಾಕುವವರು ಬಹು ವಿರಳವಾಗಿರುತ್ತಿದ್ದರು. ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವ, ಮನೆಯಲ್ಲಿ ಸಾಯಂಕಾಲದ ಪ್ರಾರ್ಥನೆಯನ್ನು ನಡೆಸುವ, ಮಕ್ಕಳಿಗೆ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸುವ ಮನುಷ್ಯನು ನೆರೆಯವನ ಪೆಟ್ಟಿಗೆಯ ಬೀಗವನ್ನು ಮುರಿಯುವುದಿಲ್ಲ. ಹಣದ ವಿಷಯದಲ್ಲಿ ಅವನಿಗೆ ಬರುವ ಶೋಧನೆಯು ಆಯುಧವನ್ನು ಹಿಡಿದುಕೊಂಡು ಕತ್ತಲೆಯಲ್ಲಿ ಬರುವುದೇ ಇಲ್ಲ. ಅದು ಒಳ್ಳೆಯ ಉಡುಪನ್ನು ಧರಿಸಿ, ಒಳ್ಳೆಯ ಹೆಸರನ್ನಿಟ್ಟುಕೊಂಡು, ಹಗಲು ಹೊತ್ತಿನಲ್ಲಿ ಎಲ್ಲರೂ ನೋಡುತ್ತಿರುವಾಗಲೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಆ ಹೆಸರುಗಳಲ್ಲಿ ಬಹು ಪ್ರಸಿದ್ಧವಾದುದು ‘ಮಾಮೂಲು’.

ಈ ಮಾತಿನ ಅರ್ಥವನ್ನು ವಾಚಕರು ಸ್ವಲ್ಪ ವಿಚಾರಿಸಿ ನೋಡಬೇಕು. ಅರಬ್ಬೀ ಭಾಷೆಯಿಂದ ಬಂದ ಈ ಶಬ್ದಕ್ಕೆ ರೂಢಿಯಲ್ಲಿರುವುದು, ವಾಡಿಕೆಯಾದುದು ಎಂದು ಅರ್ಥ. “ಮಾಮೂಲಿನಂತೆ ಬಂದನು” ಎಂದರೆ ಎಂದಿನಂತೆ ಬಂದನೆಂದಷ್ಟೇ ತಿಳಿಯುತ್ತೇವೆ. ಆದರೆ “ಮಾಮೂಲು ಕೊಟ್ಟನು” ಎಂದೊಡನೆ ಮೇಜಿನ ಕೆಳಗೆ ಚಾಚಿದ ಕೈಯೊಂದು ಕಣ್ಣಿಗೆ ಕಟ್ಟುತ್ತದೆ. ದಂಡಿನ ಪ್ರದೇಶದಲ್ಲಿ ಒಂದು ಕಾಲಕ್ಕೆ ಮನೆಮನೆಯಲ್ಲಿಯೂ ಕೇಳಿಬರುತ್ತಿದ್ದ ‘ದಸ್ತೂರಿ’ ಎಂಬ ಮಾತು ಪಾರಸೀ ಭಾಷೆಯದು; ದಸ್ತೂರ್ ಎಂದರೆ ಪದ್ಧತಿ. ಕಚೇರಿಗಳ ‘ರುಸುಮು’ ಪುನಃ ಅರಬ್ಬೀ ಮೂಲದ್ದು. ನ್ಯಾಯವಾದ ಶುಲ್ಕಕ್ಕೂ ನ್ಯಾಯವಲ್ಲದ ಶುಲ್ಕಕ್ಕೂ ಸಲ್ಲುತ್ತಿದ್ದ ಆ ಮಾತಿನ ಮೂಲಾರ್ಥವೂ ಸಂಪ್ರದಾಯವೆಂದೇ. ಹೀಗೆ ಮೂರು ಶಬ್ದಗಳು ಬೇರೆ ಬೇರೆ ದಾರಿಗಳಿಂದ ನಮ್ಮ ಊರಿಗೆ ಬಂದು ಒಂದೇ ವಾದವನ್ನು ಹೂಡುತ್ತವೆ: ಎಲ್ಲರೂ ಮಾಡುತ್ತಿರುವುದರಿಂದ ಇದು ತಪ್ಪಲ್ಲವೆಂಬುದೇ ಆ ವಾದ. ಲಂಚವೆಂಬ ಮಾತನ್ನು ನಾಲಿಗೆಗೆ ತಾರದೆ ಲಂಚದ ವ್ಯವಹಾರವನ್ನು ನಡೆಸಲು ಜನರು ಇಷ್ಟು ಜಾಣತನವನ್ನು ವೆಚ್ಚಮಾಡಿರುವುದನ್ನು ನೋಡಿದರೆ, ಆ ವಿಷಯದಲ್ಲಿ ಮನಸ್ಸಾಕ್ಷಿಯು ಪೂರ್ಣವಾಗಿ ಸತ್ತಿಲ್ಲವೆಂಬುದಾದರೂ ತಿಳಿಯುತ್ತದೆ. ಸತ್ತಿದ್ದರೆ ಹೆಸರನ್ನು ಬದಲಾಯಿಸುವ ಕಷ್ಟವೇಕೆ?

ಬೆಂಗಳೂರಿನ ಮರ್ಫಿ ಟೌನಿನಂಥ ಸ್ಥಳಗಳ ಹಳಬರಿಗೆ ದಸ್ತೂರಿಯ ಮಾತನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಹಲಸೂರಿನ ಮಗ್ಗುಲಲ್ಲಿರುವ ಈ ಸ್ಥಳಕ್ಕೆ ಮೊದಲು ನಾಕ್ಸ್‌ಪೇಟೆ ಎಂದು ಹೆಸರಿತ್ತು. ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನಿನ ಇಂಜಿನಿಯರರಾಗಿದ್ದ ಮರ್ಫಿಯವರು ಬಡ ಕೂಲಿಗಾರರಿಗಾಗಿ ಇಲ್ಲಿ ಮನೆಗಳನ್ನು ಯೋಜಿಸಿದುದರಿಂದ ಅವರ ಹೆಸರು ಊರಿಗೆ ನಿಂತಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಂಡು ಸ್ಥಾಪಿತವಾದಂದಿನಿಂದ ಅದರ ಬಂಗಲೆಗಳಲ್ಲಿಯೂ ಬ್ಯಾರಕ್ಕುಗಳಲ್ಲಿಯೂ ಬೆವರು ಸುರಿಸಿದ ಅಡಿಗೆಯವರು, ಬಟ್ಲರುಗಳು, ಆಯಾಗಳು, ತೋಟಗಾರರು, ಅಗಸರು, ಕುದುರೆಯಾಳುಗಳು ಇಂಥ ಪೇಟೆಗಳಲ್ಲಿ ವಾಸವಾಗಿದ್ದರು. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದವು. ಅವರಲ್ಲಿ ಕ್ರೈಸ್ತರ ಸಂಖ್ಯೆಯೂ ಅಲ್ಪವಾಗಿರಲಿಲ್ಲ.

ದಸ್ತೂರಿಯ ಕ್ರಮವು ಸರಳವಾಗಿತ್ತು. ಬಂಗಲೆಯ ಬಟ್ಲರನು ಬೆಳಿಗ್ಗೆ ಬಜಾರಿಗೆ ಹೋಗಿ ಮಾಂಸ, ಮೊಟ್ಟೆ, ತರಕಾರಿಗಳನ್ನು ಕೊಳ್ಳುವನು. ಅಂಗಡಿಯವನು ಬಟ್ಲರನ ಪಾಲನ್ನು ಬೆಲೆಯೊಳಗೆ ಸೇರಿಸಿಯೇ ಹೇಳುವನು. ದೊರೆಸಾನಿಯು ಲೆಕ್ಕದ ಪುಸ್ತಕವನ್ನು ನೋಡಿ ಸ್ವಲ್ಪ ಗೊಣಗಿ ಹಣವನ್ನು ಕೊಡುವಳು. ಅಂಗಡಿಯವನಿಗೆ ಗಿರಾಕಿ, ಬಟ್ಲರನಿಗೆ ಕಾಸು, ದೊರೆಸಾನಿಗೆ ಬಜಾರಿನ ಧೂಳಿನಿಂದ ಬಿಡುಗಡೆ. ಹೀಗೆ ಮೂವರಿಗೂ ಅನುಕೂಲವೇ ಎಂದು ತೋರುತ್ತಿತ್ತು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ಪಂಡಿತರು ಪ್ರಕಟಿಸಿದ ಆಂಗ್ಲೋ-ಇಂಡಿಯನ್ ಮಾತುಗಳ ಪ್ರಸಿದ್ಧ ಕೋಶದಲ್ಲಿ ಈ ಶಬ್ದಕ್ಕೆ ಸ್ಥಾನ ದೊರೆತಿರುವುದನ್ನು ನೋಡಿದರೆ ದೊರೆಗಳಿಗೆ ಇದು ಗುಟ್ಟಾಗಿರಲಿಲ್ಲವೆಂಬುದು ಸ್ಪಷ್ಟ.

ಇದನ್ನು ಹೇಳುವಾಗ ಬಡ ಬಟ್ಲರನ ಮೇಲೆ ಮಾತ್ರ ಕಲ್ಲೆಸೆಯುವುದು ನ್ಯಾಯವಲ್ಲ. ಅವನ ಸಂಬಳವು ಅಲ್ಪ. ದಸ್ತೂರಿ ಹೇಗೂ ಸಿಕ್ಕುತ್ತದೆಂದು ಎಣಿಸಿಯೇ ಸಂಬಳವನ್ನು ಅಲ್ಪವಾಗಿಟ್ಟ ಯಜಮಾನರೂ ಇದ್ದಿರಬಹುದು. ಮೇಲಾಗಿ ಆ ಯಜಮಾನರ ಪೂರ್ವಿಕರು ಈ ವಿದ್ಯೆಯಲ್ಲಿ ಬಟ್ಲರನಿಗಿಂತ ಎಷ್ಟೋ ಪಾಲು ಮುಂದಿದ್ದರು. ಪ್ಲಾಸಿಯಲ್ಲಿ ಗೆದ್ದ ರಾಬರ್ಟ್ ಕ್ಲೈವನು 1757ರಲ್ಲಿ ಬಂಗಾಳದ ಹೊಸ ನವಾಬನಿಂದ ಎರಡು ಲಕ್ಷ ಪೌಂಡುಗಳಿಗೂ ಮಿಕ್ಕ ದ್ರವ್ಯವನ್ನು ಸ್ವೀಕರಿಸಿದನು. ಅದಕ್ಕೆ ಇಟ್ಟ ಹೆಸರು ಬಹುಮಾನ. ಅಡಿಗೆಮನೆಯಲ್ಲಿ ದಸ್ತೂರಿಯಾಗಿರುವುದು ಅರಮನೆಯಲ್ಲಿ ಕಾಣಿಕೆಯಾಗುತ್ತದೆ. ದೇವಾಲಯದ ತಟ್ಟೆಯಲ್ಲಿ ನಾವು ಹಾಕುವುದಕ್ಕೂ ಕಾಣಿಕೆಯೆಂಬ ಮಾತನ್ನೇ ಬಳಸುತ್ತೇವೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಸತ್ಯವೇದವನ್ನು ಓದಬಲ್ಲ ಬಟ್ಲರನಿಗೆ ದಸ್ತೂರಿಯ ಕಥೆಯು ಎರಡನೆಯ ಅರಸುಗಳ ಪುಸ್ತಕದ ಐದನೆಯ ಅಧ್ಯಾಯದಲ್ಲಿಯೇ ಸಿಕ್ಕುತ್ತಿತ್ತು. ಅರಾಮ್ಯರ ದಂಡಿನ ಸೇನಾಪತಿಯಾದ ನಾಮಾನನು ಕುಷ್ಠದಿಂದ ಶುದ್ಧನಾಗಿ ಪ್ರವಾದಿಯಾದ ಎಲೀಷನಿಗೆ ಬಹುಮಾನಗಳನ್ನು ಅರ್ಪಿಸುತ್ತಾನೆ. ಎಲೀಷನು ಒಂದನ್ನೂ ಮುಟ್ಟುವುದಿಲ್ಲ. ಸೇವಕನಾದ ಗೇಹಜಿಗೆ ಇದು ಸಹಿಸದು. ಅವನು ರಥದ ಹಿಂದೆ ಓಡಿ, ಎಫ್ರಾಯೀಮ್ ಸೀಮೆಯಿಂದ ಇಬ್ಬರು ಯೌವನಸ್ಥರು ಬಂದಿದ್ದಾರೆಂದೂ ಅವರಿಗಾಗಿ ಬೆಳ್ಳಿಯೂ ಬಟ್ಟೆಯೂ ಬೇಕೆಂದೂ ಯಜಮಾನನ ಹೆಸರಿನಲ್ಲಿ ಕೇಳುತ್ತಾನೆ. ಕೇಳಿದುದು ಒಂದು ತಲಾಂತು, ಕೊಟ್ಟದ್ದು ಎರಡು. ಅದನ್ನು ಮನೆಯಲ್ಲಿ ಬಚ್ಚಿಟ್ಟು ಏನೂ ಅರಿಯದವನಂತೆ ಬಂದು ಯಜಮಾನನ ಮುಂದೆ ನಿಲ್ಲುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ನಾಮಾನನು ಕೊಡಲು ಸಿದ್ಧನಾಗಿದ್ದನು, ಕೊಟ್ಟದ್ದರಿಂದ ಅವನಿಗೆ ಕೊರತೆಯೇನೂ ಆಗಲಿಲ್ಲ, ಸಂತೋಷದಿಂದಲೇ ಕೊಟ್ಟನು. ಯಾರಿಗೂ ನಷ್ಟವಿಲ್ಲವೆಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಆದರೂ ಒಂದು ನಷ್ಟವಾಯಿತು. ದೇವರ ಕೃಪೆಯು ಕ್ರಯಕ್ಕೆ ಸಿಕ್ಕುವುದಿಲ್ಲವೆಂದು ಆ ಪರದೇಶಸ್ಥನು ಕಲಿತುಕೊಂಡು ಹೋಗುತ್ತಿದ್ದ ಪಾಠವನ್ನು ಗೇಹಜಿಯು ದಾರಿಯಲ್ಲಿಯೇ ಅಳಿಸಿಬಿಟ್ಟನು.

ದಂಡಿನವರಿಗೆ ಹೇಳಿದ ಮಾತೂ ಸುವಾರ್ತೆಯಲ್ಲಿ ಉಂಟು. ಸ್ನಾನಿಕನಾದ ಯೋಹಾನನ ಬಳಿಗೆ ಸುಂಕದವರೂ ಸಿಪಾಯಿಗಳೂ ಬಂದು ತಾವೇನು ಮಾಡಬೇಕೆಂದು ಕೇಳಿದರೆಂದು ಲೂಕನು ಮೂರನೆಯ ಅಧ್ಯಾಯದಲ್ಲಿ ತಿಳಿಸುತ್ತಾನೆ. ಉದ್ಯೋಗವನ್ನು ಬಿಟ್ಟು ಅಡವಿಗೆ ಬನ್ನಿರೆಂದು ಯೋಹಾನನು ಅವರಿಗೆ ಹೇಳಲಿಲ್ಲ. ಸುಂಕದವನು ನೇಮಿಸಿದ್ದಕ್ಕಿಂತ ಹೆಚ್ಚು ವಸೂಲು ಮಾಡಬಾರದು, ಸಿಪಾಯಿಯು ಯಾರನ್ನೂ ಪೀಡಿಸದೆ ತನ್ನ ಸಂಬಳದಲ್ಲಿ ತೃಪ್ತನಾಗಿರಬೇಕು, ಇಷ್ಟೇ. ಒಂಟೆಯ ಕೂದಲಿನ ಬಟ್ಟೆಯನ್ನುಟ್ಟು ಮಿಡತೆಗಳನ್ನು ತಿಂದು ಬದುಕುತ್ತಿದ್ದ ಆ ಕಠೋರ ವೈರಾಗ್ಯಶಾಲಿಯು ಸಂಸಾರಿಗಳಿಗೆ ಹೇಳಿದ ಧರ್ಮವು ಲೆಕ್ಕದ ಪುಸ್ತಕದ ಧರ್ಮವಾಗಿತ್ತು.

ವಾಡಿಕೆಯೊಡನೆ ನೇರವಾಗಿ ಕುಸ್ತಿಗೆ ನಿಂತವರಲ್ಲಿ ಜಾನ್ ವೆಸ್ಲಿಯವರನ್ನು ಇಲ್ಲಿ ನೆನೆಯಬೇಕು. ಅವರ ಹೆಸರಿನ ಮಿಷನ್ನು 1821ರಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸೀಮೆಯಲ್ಲೆಲ್ಲ ಹರಡಿ, 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯೊಡನೆ ಒಂದಾಯಿತು. ಇಂಗ್ಲೆಂಡಿನ ಪಶ್ಚಿಮ ತುದಿಯಲ್ಲಿ ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿದೆ. ಸುಂಕ ತೆರದೆ ಸಮುದ್ರಮಾರ್ಗವಾಗಿ ತಂದ ಸರಕನ್ನು ಕೊಳ್ಳುವುದೂ ಮಾರುವುದೂ ಆ ಕರಾವಳಿಯಲ್ಲಿ ಹಗಲು ವ್ಯಾಪಾರವಾಗಿತ್ತು. 1753ರಲ್ಲಿ ವೆಸ್ಲಿಯವರು ಅಲ್ಲಿಗೆ ಹೋಗಿ ವಿಚಾರಿಸಲು, ತಮ್ಮ ಸಂಘದವರೇ ಬಹುಮಟ್ಟಿಗೆ ಎಲ್ಲರೂ ಇದರಲ್ಲಿ ಸೇರಿರುವುದು ಗೊತ್ತಾಯಿತು. ಈ ಕೆಟ್ಟ ರೂಢಿಯನ್ನು ಬಿಡದಿದ್ದರೆ ಇನ್ನು ಮೇಲೆ ತನ್ನ ಮುಖವನ್ನು ನೀವು ಕಾಣಲಾರಿರೆಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಅವರೂ ಬಿಡುವೆವೆಂದು ಮಾತುಕೊಟ್ಟರು. ವೋಟಿನ ವಿಷಯದಲ್ಲಿಯೂ ಅವರದು ಇದೇ ಹಟ. 1774ರ ಚುನಾವಣೆಯ ಕಾಲದಲ್ಲಿ, ವೋಟುಳ್ಳವರು ಯಾವ ಪ್ರತಿಫಲವನ್ನೂ ಪಡೆಯದೆ ಯೋಗ್ಯನೆಂದು ತೋರಿದವನಿಗೆ ಕೊಡಬೇಕೆಂದು ತಮ್ಮವರಿಗೆ ಬುದ್ಧಿ ಹೇಳಿದರು. ಚುನಾವಣೆಯ ಹಿಂದಿನ ರಾತ್ರಿ ಕುಕ್ಕರನ್ನೋ ಸೀರೆಯನ್ನೋ ಲಕೋಟೆಯನ್ನೋ ಮನೆಗೆ ತರುವವರಿಗೆ ಬಾಗಿಲು ತೆರೆಯುವ ನಮ್ಮ ಗೃಹಸ್ಥರು ಈ ಮಾತನ್ನು ಎರಡೂವರೆ ಶತಮಾನಗಳಷ್ಟು ಹಳೆಯದೆಂದು ತಳ್ಳಿಹಾಕಲಾರರು. ಸ್ವಂತ ವಿಷಯದಲ್ಲಿ ವೆಸ್ಲಿಯವರು ಹೇಗಿದ್ದರೆಂದರೆ, ಬೆಳ್ಳಿಯ ಪಾತ್ರೆಗಳಿಗೆ ತೆರಿಗೆ ಹಾಕಿದ ಅಧಿಕಾರಿಗಳು 1776ರಲ್ಲಿ ಲೆಕ್ಕ ಕೇಳಿದಾಗ, ತನಗಿರುವುದು ಲಂಡನ್ನಿನಲ್ಲಿ ಎರಡು ಚಮಚ, ಬ್ರಿಸ್ಟಲಿನಲ್ಲಿ ಎರಡು ಚಮಚ, ಇಷ್ಟೇ ಎಂದು ಉತ್ತರ ಬರೆದರು.

ಆ ಬ್ರಿಸ್ಟಲಿನ ಹತ್ತಿರದ ಒಂದು ಅಂಗಡಿಯ ಕಥೆಯನ್ನು ಲೋಕಕ್ಕೆ ತಿಳಿಸಿದವರು ನಮ್ಮ ಗುಬ್ಬಿಯಲ್ಲಿ ಕನ್ನಡ ಕಲಿತ ಬೋಧಕರೆಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದ ಸಂಗತಿ. ನಾಟಕದ ವೀರಣ್ಣನವರಿಂದ ಗುಬ್ಬಿಗೆ ಹೆಸರು ಬರುವುದಕ್ಕೆ ಬಹು ಪೂರ್ವದಲ್ಲಿಯೇ, 1839ರಲ್ಲಿ, ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ಐರಿಷ್ ತರುಣರು ವೆಸ್ಲಿಯನ್ ಮಿಷನ್ನಿನಿಂದ ಅಲ್ಲಿಗೆ ಬಂದರು. ಎರಡು ವರ್ಷಗಳೊಳಗಾಗಿ ಕಣ್ಣಿನ ವ್ಯಾಧಿಯಿಂದ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಮೈಸೂರು ಸೀಮೆಯ ವಿಷಯವಾಗಿ ಅವರು ಬರೆದ ಗ್ರಂಥವು 1847ರಲ್ಲಿ ಹೊರಬಂತು. ಮುಂದೆ ಅವರು ತಮ್ಮ ಸಭೆಯ ಮುಖಂಡರಲ್ಲಿ ಒಬ್ಬರಾಗಿ, 1901ರಲ್ಲಿ ತೀರಿಕೊಂಡರು. 1904ರಲ್ಲಿ ಗುಬ್ಬಿಯಲ್ಲಿ ಕಟ್ಟಿದ ದೇವಾಲಯವು ಅವರ ಹೆಸರನ್ನೇ ಧರಿಸಿ ಇಂದಿಗೂ ನಿಂತಿದೆ. ಅಡಿಕೆ, ಕೊಬ್ಬರಿಗಳ ವ್ಯಾಪಾರದ ಊರಿನಲ್ಲಿ ಕೆಲಸಮಾಡಿದ ಈ ಬೋಧಕರು 1852ರಲ್ಲಿ ಒಬ್ಬ ವರ್ತಕನ ಜೀವನಚರಿತ್ರೆಯನ್ನು ಬರೆದರು. ಗೆದ್ದ ವರ್ತಕನೆಂಬರ್ಥದ ಹೆಸರಿನ ಆ ಪುಸ್ತಕವು ಹಲವು ಸಲ ಅಚ್ಚಾಯಿತು.

ಆ ವರ್ತಕನ ಹೆಸರು ಸ್ಯಾಮ್ಯುಯಲ್ ಬಡ್ಜೆಟ್. ವಾಚಕರು ನಗಬಾರದು, ಇದು ಸರ್ಕಾರದ ಆಯವ್ಯಯ ಪತ್ರವಲ್ಲ, ಮನುಷ್ಯನ ಹೆಸರೇ. 1794ರಲ್ಲಿ ಹುಟ್ಟಿ 1851ರಲ್ಲಿ ತೀರಿಕೊಂಡ ಈತನು ಬ್ರಿಸ್ಟಲಿನ ಹತ್ತಿರ, ಕಲ್ಲಿದ್ದಲು ಅಗೆಯುವವರ ಊರಾದ ಕಿಂಗ್ಸ್‌ವುಡ್‌ನಲ್ಲಿ, ಅಣ್ಣನ ದಿನಸಿ ಅಂಗಡಿಗೆ ಆಳಾಗಿ ಸೇರಿ ಕಡೆಗೆ ದೊಡ್ಡ ಸಗಟು ವ್ಯಾಪಾರಿಯಾದನು. ಹುಡುಗನಾಗಿದ್ದಾಗ ದಾರಿಯಲ್ಲಿ ಸಿಕ್ಕಿದ ಕುದುರೆಯ ಲಾಳವನ್ನು ಮೂರು ಮೈಲಿ ಹೊತ್ತು ನಡೆದು ಒಂದು ಪೆನ್ನಿಗೆ ಮಾರಿದನಂತೆ. ಕಾಸಿನ ಬೆಲೆಯನ್ನು ಅಷ್ಟು ಬಲ್ಲವನು.

ಆ ಕಾಲದಲ್ಲಿ ಕರಿಮೆಣಸಿನ ಮೇಲೆ ಭಾರಿ ಸುಂಕವಿತ್ತು. ಆದುದರಿಂದ ಪುಡಿಮಾಡಿದ ಮೆಣಸಿಗೆ ಮತ್ತೊಂದು ಪುಡಿಯನ್ನು ಬೆರಸಿ ಮಾರುವುದು ಅಂಗಡಿಯವರೆಲ್ಲರ ಪದ್ಧತಿಯಾಗಿತ್ತು. ನೋಡಲು ಮೆಣಸಿನಂತೆಯೇ ಇದ್ದ ಆ ಪುಡಿಗೆ ಖಾರವೂ ಇಲ್ಲ, ಬೆಲೆಯೂ ಇಲ್ಲ. ಅದನ್ನು ತುಂಬಿದ ಪೀಪಾಯಿಯ ಮೇಲೆ ‘ಪಿ. ಡಿ.’ ಎಂಬ ಎರಡು ಅಕ್ಷರಗಳನ್ನು ಬರೆಯುತ್ತಿದ್ದರು. ಮೆಣಸಿನ ದೂಳು ಎಂಬ ಇಂಗ್ಲೀಷ್ ಮಾತುಗಳ ಮೊದಲಕ್ಷರಗಳು ಅವು. ವ್ಯಾಪಾರ ಬಲ್ಲವರಿಗೆ ಅದರ ಅರ್ಥ ಗೊತ್ತು, ಕೊಳ್ಳುವವರಿಗೆ ಗೊತ್ತಾಗಬೇಕಾದುದಿಲ್ಲ. ಮರ್ಯಾದಸ್ಥರಾದ ಅಂಗಡಿಯವರೆಲ್ಲರಲ್ಲಿಯೂ ಇದ್ದಂತೆ ಬಡ್ಜೆಟ್ಟನ ಅಂಗಡಿಯಲ್ಲಿಯೂ ಈ ಪೀಪಾಯಿ ಇತ್ತು. ಭಕ್ತನಾದ ಅವನಿಗೆ ಬಹು ಕಾಲ ಅದರಲ್ಲಿ ದೋಷವು ತೋರಲಿಲ್ಲ.

ಕ್ರಮೇಣ ಅವನ ಮನಸ್ಸಿನಲ್ಲಿ ಆ ಎರಡಕ್ಷರಗಳು ಮುಳ್ಳಿನಂತೆ ಚುಚ್ಚತೊಡಗಿದವು. ಬಡವರು ಬೆವರಿನ ಕಾಸನ್ನು ಕೊಟ್ಟು ಮೆಣಸನ್ನು ಕೇಳುತ್ತಾರೆ. ತಾನು ದೂಳನ್ನು ಕೊಡುತ್ತಿದ್ದೇನೆ. ಎಲ್ಲರೂ ಕೊಡುತ್ತಾರೆಂಬುದರಿಂದ ದೂಳು ಮೆಣಸಾಗುವುದೇ? ಒಂದು ರಾತ್ರಿ ಈ ಯೋಚನೆಯು ಸಹಿಸಲಾರದಂತಾಗಲು, ಅವನು ಅಂಗಡಿಗೆ ಹೋಗಿ, ಪೀಪಾಯಿಯನ್ನು ಹೊರಕ್ಕೆ ತಂದು, ಹತ್ತಿರದ ಕಲ್ಲುಗಣಿಗೆ ಸಾಗಿಸಿ, ಒಡೆದು, ಒಳಗಿದ್ದ ದೂಳನ್ನೆಲ್ಲ ಕಲ್ಲುಮಣ್ಣುಗಳ ನಡುವೆ ಚೆಲ್ಲಿಬಿಟ್ಟು, ಹಗುರವಾದ ಹೃದಯದಿಂದ ಮನೆಗೆ ಬಂದನು. ಆರ್ಥರ್ ಅವರು ಇಷ್ಟಕ್ಕೆ ನಿಲ್ಲಿಸದೆ ಇನ್ನೊಂದು ಸಂಗತಿಯನ್ನೂ ಹೇಳುತ್ತಾರೆ; ನನಗೆ ಬಹಳ ಹಿಡಿಸಿದುದು ಅದೇ. ಮರುದಿನ ಬೆಳಗಾಗುತ್ತಲೇ ಬಡ್ಜೆಟ್ಟನು ಪುನಃ ಗಣಿಗೆ ಹೋಗಿ ಪೀಪಾಯಿಯ ಹಲಗೆಗಳನ್ನು ಆರಿಸಿಕೊಂಡು ಬಂದನು. ದೂಳು ಪಾಪದ್ದು, ಹಲಗೆಗಳೇನು ತಪ್ಪು ಮಾಡಿದ್ದವು? ಮನಃಪರಿವರ್ತನೆಯಾದ ಮೇಲೆಯೂ ಅವನು ದಿನಸಿ ಅಂಗಡಿಯವನಾಗಿಯೇ ಉಳಿದನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೀಗೆಂದು ಆರ್ಥರ್ ಅವರು ತಮ್ಮ ನಾಯಕನನ್ನು ನಿರ್ದೋಷಿಯೆಂದು ಚಿತ್ರಿಸಲಿಲ್ಲ. ಕೊಳ್ಳುವಾಗ ಬಡ್ಜೆಟ್ಟನು ಬಲು ಬಿಗಿಯಾಗಿ ಚೌಕಾಸಿ ಮಾಡುತ್ತಿದ್ದುದನ್ನು ಅವರು ಮುಚ್ಚಿಡದೆ ಆಕ್ಷೇಪಿಸಿದ್ದಾರೆ. ಮಾರುವವನ ಮೋಸವನ್ನು ಕಂಡುಹಿಡಿಯುವುದು ಸುಲಭ. ಕೊಳ್ಳುವವನ ಮೋಸವು ಸಾಮರ್ಥ್ಯವೆಂಬ ಹೊಗಳಿಕೆಯನ್ನು ಪಡೆಯುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತು ಬಂದ ಸೊಪ್ಪಿನವಳೊಡನೆ ಐದು ರೂಪಾಯಿಗಾಗಿ ಕಾಲು ಗಂಟೆ ವಾದಿಸುವ ನಮ್ಮ ಗೃಹಿಣಿಯರು ಈ ಭಾಗವನ್ನು ತಾಳ್ಮೆಯಿಂದ ಓದಬೇಕಾಗಿ ಪ್ರಾರ್ಥನೆ. ಗಂಡಸರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಅವರ ಚೌಕಾಸಿ ಸೊಪ್ಪಿನವಳೊಡನೆ ಅಲ್ಲ, ಕೂಲಿಯಾಳಿನೊಡನೆ.

ಪೀಪಾಯಿಯನ್ನು ಬಡ್ಜೆಟ್ಟನು ಒಬ್ಬನೇ ಒಡೆದನು. ಆದರೆ ಸಂಸಾರಸ್ಥರ ಹಣದ ಶೋಧನೆಯು ಬಹುತೇಕ ಗಂಡಹೆಂಡಿರಿಬ್ಬರ ನಡುವೆ, ಊಟವಾದ ಮೇಲೆ, ಮಕ್ಕಳು ಮಲಗಿದ ಮೇಲೆ ತೀರ್ಮಾನವಾಗತಕ್ಕದ್ದು. ಇದಕ್ಕೆ ಎರಡು ಮನೆಗಳ ದೃಷ್ಟಾಂತವನ್ನು ಕೊಡಬಹುದು. ಒಂದು ಮನೆ ಯೆರೂಸಲೇಮಿನದು. ಅನನೀಯ, ಸಪ್ಫೈರ ಎಂಬ ದಂಪತಿಗಳು ಭೂಮಿಯನ್ನು ಮಾರಿ, ಬಂದ ಹಣದಲ್ಲಿ ಸ್ವಲ್ಪವನ್ನು ಉಳಿಸಿಕೊಂಡು, ಉಳಿದುದನ್ನು ಪೂರ್ತಿ ಕ್ರಯವೆಂದು ಹೇಳಿ ಅಪೊಸ್ತಲರ ಪಾದಗಳ ಬಳಿಯಲ್ಲಿಟ್ಟರು. ಉಳಿಸಿಕೊಂಡದ್ದು ತಪ್ಪಲ್ಲವೆಂದು ಪೇತ್ರನೇ ಸ್ಪಷ್ಟವಾಗಿ ಹೇಳುತ್ತಾನೆ. ಭೂಮಿ ಅವರದು, ಹಣವೂ ಅವರದೇ. ತಪ್ಪು ಇದ್ದುದು ಸುಳ್ಳು ಅಂಕಿಯಲ್ಲಿ. ಮೂರು ತಾಸುಗಳ ಮೇಲೆ ಬಂದ ಹೆಂಡತಿಯನ್ನು ಪೇತ್ರನು ಬೇರೆಯಾಗಿ ಕೇಳಿದ ಪ್ರಶ್ನೆಯೂ ಭೂಮಿಯನ್ನು ಇಷ್ಟಕ್ಕೇ ಮಾರಿದಿರೋ ಎಂಬುದೇ ಆಗಿತ್ತು. ಗಂಡನಿಗಾದುದೇನೆಂದು ಅರಿಯದ ಆಕೆಗೆ ಸತ್ಯವನ್ನು ಹೇಳುವ ಅವಕಾಶವು ಪೂರ್ಣವಾಗಿ ಇದ್ದಿತು. ಆಕೆ ಮೊದಲೇ ಗೊತ್ತುಮಾಡಿಕೊಂಡಿದ್ದ ಅಂಕಿಯನ್ನೇ ಹೇಳಿದಳು.

ಎರಡನೆಯ ಮನೆ ಕಲ್ಯಾಣದ್ದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜೀವಿಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನೆಂದೂ, ಅವನ ಹೆಂಡತಿ ಲಕ್ಕಮ್ಮನು ಈ ಹೆಚ್ಚಿನ ಆಸೆ ನಮಗೇಕೆಂದು ಗದರಿಸಿ ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳೆಂದೂ ಶರಣರ ಕಥೆ ಹೇಳುತ್ತದೆ. ಅಕ್ಕಿ ಕದ್ದುದಲ್ಲ, ನೆಲದ ಮೇಲೆ ಬಿದ್ದಿದ್ದದ್ದು, ಬಡತನ ಕಂಡು ಬೇಕೆಂದೇ ಹೆಚ್ಚಾಗಿ ಚೆಲ್ಲಿಸಿದ್ದರೆಂದೂ ಹೇಳುವುದುಂಟು. ಆದರೂ ಆಕೆಗೆ ಅಳತೆ ಗೊತ್ತಿತ್ತು. ಕ್ರೈಸ್ತರ ಪತ್ರಿಕೆಯಲ್ಲಿ ಶರಣರ ಕಥೆಯೇಕೆಂದು ಯಾರಾದರೂ ಕೇಳಿದರೆ, ಬಾಸೆಲ್ ಮಿಷನ್ನಿನ ಬೋಧಕರಾಗಿದ್ದ ಉತ್ತಂಗಿ ಚನ್ನಪ್ಪನವರೇ ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸತ್ಯವು ಸಿಕ್ಕಿದ ಕಡೆಯಲ್ಲಿ ಅದನ್ನು ಎತ್ತಿಕೊಳ್ಳಲು ಅವರು ಹಿಂಜರಿಯಲಿಲ್ಲ. ಸಪ್ಫೈರಳ ಮನೆಯಲ್ಲಿ ಲಕ್ಕಮ್ಮನಿದ್ದಿದ್ದರೆ ಅನನೀಯನು ಬದುಕುತ್ತಿದ್ದನು.

ಪೇತ್ರನ ಆ ಪ್ರಶ್ನೆಯು ಈಗಿನ ಮರ್ಫಿ ಟೌನಿನಲ್ಲಿ ಎಷ್ಟು ಹತ್ತಿರದ್ದೆಂಬುದನ್ನು ನೋಡಿರಿ. ಬಟ್ಲರುಗಳ ಕಾಲವು ಮುಗಿಯಿತು. ದಂಡಿನ ಸೀಮೆಯು 1947ರಲ್ಲಿ ಮೈಸೂರಿಗೆ ಹಿಂದಿರುಗಿತು. ಪಕ್ಕದಲ್ಲಿ ಇಂದಿರಾನಗರವು ಬೆಳೆಯಿತು. 2011ರಲ್ಲಿ ಹಲಸೂರಿನ ಮೇಲೆ ಮೆಟ್ರೊ ರೈಲು ಓಡಿತು. ಕೂಲಿಗಾರರಿಗಾಗಿ ಯೋಜಿಸಿದ ಸ್ಥಳದಲ್ಲಿ ಇಂದು ಒಂದು ಪುಟ್ಟ ಮನೆಯ ನೆಲಕ್ಕೂ ಅಜ್ಜನು ಕನಸಿನಲ್ಲಿಯೂ ಕಾಣದ ಬೆಲೆ. ಇಂಥ ಮನೆಯೊಂದನ್ನು ಒಬ್ಬ ವೃದ್ಧ ದಂಪತಿಗಳು ಮಾರಲೆಳಸಿದರೆಂದು ಭಾವಿಸೋಣ. ಕೊಳ್ಳುವವನು ಸಭ್ಯನು, ಕುರ್ಚಿಯ ತುದಿಯಲ್ಲಿ ಕುಳಿತು ಮೆಲ್ಲಗೆ, ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆಯನ್ನು ಮಾತ್ರ ಬರೆಯೋಣ, ಉಳಿದುದು ನಗದಾಗಿ ಎಂದು ಹೇಳುತ್ತಾನೆ. ದಲ್ಲಾಳಿಯು ನಗುತ್ತಾ, “ಎಲ್ಲ ಕಡೆಯೂ ಇದೇ ಮಾಮೂಲು, ಅಂಕಲ್” ಎನ್ನುತ್ತಾನೆ. ಕೊಳ್ಳುವವನಿಗೆ ನೂರಕ್ಕೆ ಐದರಂತೆ ತೆರಬೇಕಾದ ಮುದ್ರಾಂಕ ಶುಲ್ಕದಲ್ಲಿ ಉಳಿತಾಯ. ಮಾರುವವನಿಗೆ ಆದಾಯ ತೆರಿಗೆಯಲ್ಲಿ ಉಳಿತಾಯ. ಈ ವ್ಯವಹಾರದ ಎರಡು ಭಾಗಗಳಿಗೆ ಜನರು ಕಪ್ಪು, ಬಿಳುಪು ಎಂಬ ಬಣ್ಣಗಳ ಹೆಸರನ್ನೇ ಇಟ್ಟಿದ್ದಾರೆ. ಇಲ್ಲಿ ಮಾತ್ರ ಭಾಷೆಯು ಪ್ರಾಮಾಣಿಕವಾಗಿದೆ.

ಆ ದಂಪತಿಗಳಿಗಿರುವ ಕಷ್ಟವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಒಪ್ಪದಿದ್ದರೆ ಕೊಳ್ಳುವವನು ಎದ್ದುಹೋಗುವನು. ಅವನ ಬದಲು ಬರುವವನೂ ಅದನ್ನೇ ಕೇಳುವನು. ಮಗಳ ಮದುವೆಯೋ ಶಸ್ತ್ರಚಿಕಿತ್ಸೆಯೋ ಕಾಯುವುದಿಲ್ಲ. ಸ್ಥಿರಾಸ್ತಿಯ ಕ್ರಯದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೀರಿದ ಮೊತ್ತವನ್ನು ನಗದಾಗಿ ಪಡೆಯಕೂಡದೆಂದು 2015ರಿಂದ ನಿಯಮವಿದೆ. ಮೀರಿದರೆ ಪಡೆದಷ್ಟೇ ದಂಡ ಬೀಳಬಹುದು. ಆದರೆ ಕಾನೂನಿನ ಭಯವೊಂದೇ ಇದ್ದರೆ ದಲ್ಲಾಳಿಯು ಅದಕ್ಕೂ ಒಂದು ಉಪಾಯವನ್ನು ಹೇಳಿಯಾನು. ಒಪ್ಪದೆ ನಿಂತವರಿಗೆ ಅದೇ ಬೆಲೆ ಬಂದೇ ಬರುವುದೆಂದು ಭರವಸೆ ಕೊಡುವ ಬೋಧಕರು ಸುಳ್ಳು ಹೇಳುತ್ತಾರೆ. ಬೆಲೆ ಕಡಿಮೆಯಾಗಬಹುದು, ಕೆಲವು ತಿಂಗಳು ಹೆಚ್ಚಾಗಿ ಕಾಯಬೇಕಾಗಬಹುದು. ಬಡ್ಜೆಟ್ಟನು ಧನಿಕನಾದುದನ್ನು ಹೇಳಿ, ಪ್ರಾಮಾಣಿಕತೆಯಿಂದ ಲಾಭವೇ ಬರುತ್ತದೆಂದು ಯಾರಾದರೂ ವಾದಿಸಿದರೆ ಅದೂ ಒಂದು ಬಗೆಯ ದೂಳೇ. ಲಾಭಕ್ಕಾಗಿ ಸತ್ಯವನ್ನು ಹೇಳುವವನು ನಷ್ಟವು ತಲೆಯೆತ್ತಿದ ದಿನ ಬೇರೆ ಸರಕನ್ನು ಹುಡುಕುವನು.

ಇನ್ನು ಸಭೆಯ ಹಣದ ವಿಷಯ. ಕರ್ತನ ಶಿಷ್ಯರಲ್ಲಿ ಹಣದ ಚೀಲವು ಯೂದನ ಕೈಯಲ್ಲಿತ್ತೆಂದು ಯೋಹಾನನು ಬರೆದಿರುವುದನ್ನು ಸಭಾ ಖಜಾಂಚಿಗಳು ಮರೆಯಬಾರದು. ಆದರೆ ಅದಕ್ಕಿಂತ ಉಪಯುಕ್ತವಾದುದು ಪೌಲನ ನಡತೆ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ ಅವನು ತನ್ನೊಡನೆ ಸಭೆಗಳು ಆರಿಸಿದ ಸಹೋದರನನ್ನು ಕರೆದುಕೊಂಡನು; ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ವ್ಯವಹಾರವು ಸರಿಯಾಗಿ ಕಾಣಬೇಕೆಂಬುದು ಅವನು ಕೊರಿಂಥದವರಿಗೆ ತಿಳಿಸಿದ ಕಾರಣ. ಪೌಲನಂಥವನೇ ಎರಡನೆಯ ಕಣ್ಣನ್ನು ಬೇಡಿದನು. ನಮ್ಮ ಸಂಘಗಳಲ್ಲಾದರೋ ಲೆಕ್ಕವನ್ನು ತೋರಿಸಿರೆಂದೊಡನೆ, ನನ್ನ ಮೇಲೆ ನಂಬಿಕೆಯಿಲ್ಲವೇ ಎಂಬ ಕಣ್ಣೀರು ಬರುತ್ತದೆ. ಸ್ತ್ರೀಸಂಘದ ಚೀಟಿಯಿಂದ ಹಿಡಿದು ಕಟ್ಟಡದ ನಿಧಿಯವರೆಗೆ, ಲೆಕ್ಕವನ್ನು ಕೇಳುವುದು ಅವಮಾನವೆಂಬ ಭಾವನೆಯಿರುವ ಕಡೆ ಒಳ್ಳೆಯವರೂ ಹಾಳಾದಾರು. ಎರಡು ಸಹಿಗಳಿಲ್ಲದೆ ಚೆಕ್ಕು ಹೊರಡಬಾರದು; ಎಣಿಸುವಾಗ ಇಬ್ಬರಿರಬೇಕು; ರಸೀತಿಯಿಲ್ಲದೆ ಕಾಸು ಪೆಟ್ಟಿಗೆಗೆ ಬೀಳಬಾರದು.

ಇಷ್ಟನ್ನೂ ಓದಿದವರಲ್ಲಿ ಯಾರಿಗಾದರೂ, ಮುಂದೆ ಮಾಡದಿರುವುದು ಸರಿ, ಆಗಲೇ ಕೈಸೇರಿರುವುದನ್ನು ಏನು ಮಾಡಬೇಕೆಂಬ ಪ್ರಶ್ನೆಯು ಹುಟ್ಟದಿರದು. ಇದೇ ಬಹು ಕಠಿನವಾದ ಪ್ರಶ್ನೆ. ಯೆರಿಕೋವಿನ ಸುಂಕದ ಗುತ್ತಿಗೆದಾರನಾದ ಜಕ್ಕಾಯನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನು ಹಿಂದಕ್ಕೆ ಕೊಡುವೆನೆಂದೂ ಎದ್ದುನಿಂತು ಹೇಳಿದನು. ತಾನಾಗಿಯೇ ಒಪ್ಪಿಕೊಂಡವನಿಂದ ಮೋಶೆಯ ಧರ್ಮಶಾಸ್ತ್ರವು ಅಷ್ಟನ್ನು ಕೇಳಿರಲಿಲ್ಲ. ಅಸಲನ್ನೂ ಅದರ ಮೇಲೆ ಐದನೆಯ ಒಂದು ಭಾಗವನ್ನೂ ಕೊಟ್ಟರೆ ಸಾಕಾಗಿತ್ತು. ಜಕ್ಕಾಯನು ಕುರಿ ಕದ್ದು ಸಿಕ್ಕಿಬಿದ್ದವನ ದಂಡವನ್ನು ತಾನೇ ಹೇರಿಕೊಂಡನು. ಅಂದರೆ ಹೆಸರನ್ನು ಬದಲಾಯಿಸಿದನು: ತನ್ನ ಮಾಮೂಲನ್ನು ಕಳ್ಳತನವೆಂದು ಕರೆದನು.

ನಮ್ಮ ಸರ್ಕಾರವೂ ಇಂಥ ಒಂದು ಬಾಗಿಲನ್ನು ತೆರೆದಿದೆ. ಮುಚ್ಚಿಟ್ಟ ಆದಾಯವನ್ನು ತಾನಾಗಿಯೇ ತೋರಿಸಿ ತಿದ್ದಿದ ವಿವರವನ್ನು ಸಲ್ಲಿಸಲು 2022ರಲ್ಲಿ ಎರಡು ವರ್ಷಗಳ ಅವಧಿ ಕೊಟ್ಟರು. 2025ರಲ್ಲಿ ಅದನ್ನು ನಾಲ್ಕು ವರ್ಷಗಳಿಗೆ ಏರಿಸಿದರು. ತೆರಿಗೆ, ಬಡ್ಡಿಗಳ ಮೇಲೆ ತಡಕ್ಕೆ ತಕ್ಕಂತೆ ನೂರಕ್ಕೆ 25ರಿಂದ 70ರವರೆಗೆ ಹೆಚ್ಚಾಗಿ ತೆರಬೇಕು. ಮೋಶೆಯು ಕೇಳಿದುದು ನೂರಕ್ಕೆ ಇಪ್ಪತ್ತು ಮಾತ್ರ. ಅಮೆರಿಕದ ಖಜಾನೆಯಲ್ಲಿಯಾದರೋ 1811ರಿಂದ ಮನಸ್ಸಾಕ್ಷಿಯ ನಿಧಿಯೆಂಬುದೊಂದು ಉಂಟು. ಹೆಸರು ಹೇಳದ ಒಬ್ಬನು ಕಳುಹಿಸಿದ ಐದು ಡಾಲರುಗಳಿಂದ ಅದು ಆರಂಭವಾಯಿತು.

ಮನುಷ್ಯರಿಂದ ತೆಗೆದುಕೊಂಡದ್ದನ್ನು ಹಿಂದಿರುಗಿಸುವುದು ಸರ್ಕಾರಕ್ಕೆ ತೆರುವುದಕ್ಕಿಂತ ಕಷ್ಟವಾದುದು; ಅಲ್ಲಿ ಮುಖವನ್ನು ತೋರಿಸಬೇಕಾಗುತ್ತದೆ. ತೂಕದಲ್ಲಿ ಕಳೆದದ್ದು ಯಾರದೆಂದು ಅಂಗಡಿಯವನಿಗೆ ತಿಳಿಯದಿರಬಹುದು. ಮುಂಗಡವನ್ನು ಹಿಡಿದುಕೊಂಡ ಬಾಡಿಗೆದಾರನು ಊರು ಬಿಟ್ಟಿರಬಹುದು. ದಸ್ತೂರಿ ತೆತ್ತ ಯಜಮಾನನು ಹಡಗು ಹತ್ತಿ ಹೋಗಿ ಎಂದೋ ಮಣ್ಣುಗೂಡಿರಬಹುದು. ಅರಣ್ಯಕಾಂಡದ ಐದನೆಯ ಅಧ್ಯಾಯವು ಈ ಸಂದರ್ಭವನ್ನೂ ಮರೆತಿಲ್ಲ. ನಷ್ಟಪಟ್ಟವನು ಇಲ್ಲದೆ, ಅವನ ಪರವಾಗಿ ತೆಗೆದುಕೊಳ್ಳತಕ್ಕ ಸಮೀಪ ಬಂಧುವೂ ಇಲ್ಲದೆ ಹೋದರೆ, ಆ ಹಣವು ಕರ್ತನದಾಗಿ ಯಾಜಕನಿಗೆ ಸೇರಬೇಕೆಂದು ಅಲ್ಲಿ ವಿಧಿಸಿದೆ. ಯಜಮಾನನು ಸಿಕ್ಕಿದರೂ ಸಿಕ್ಕದಿದ್ದರೂ ಅದು ಇಟ್ಟುಕೊಂಡವನ ಮನೆಯಲ್ಲಿ ಉಳಿಯುವಂತಿಲ್ಲ.